ಸ್ಟಿಲ್ ಕ್ಯಾಮೆರಾದಲ್ಲಿ ಪೂರ್ಣಪ್ರಮಾಣದ ಚಲನಚಿತ್ರ: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ?

ಪ್ರಥಮಪ್ರಯತ್ನ

ಎಲ್ಲರಿಗೂ ನಮಸ್ಕಾರ. ಬರುವ ಮಳೆಗಾಲದಲ್ಲಿ ಮಲೆನಾಡಿನಲ್ಲಿ ಸುಮಾರು 100 ನಿಮಿಷಗಳ ಕನ್ನಡ ಚಿತ್ರವೊಂದನ್ನು ಚಿತ್ರೀಕರಿಸಲು ತಯಾರಿ ನಡೆಸಿದ್ದೇವೆ. ಕಥೆಯ ಮುಕ್ಕಾಲು ಭಾಗ ಹಳೆಯ ಹೆಂಚಿನ ಮನೆಯೊಂದರ ಅಡುಗೆಮನೆ, ಜಗಲಿ ಮತ್ತು ಅಟ್ಟದಲ್ಲಿ ನಡೆಯುತ್ತದೆ. ಒಂದು ದೀರ್ಘ ದೃಶ್ಯ ಓಡುವ ಬಸ್ಸಿನೊಳಗಿದೆ. ನಮ್ಮ ಕೈಯಲ್ಲಿರುವುದು ಒಂದು ಫುಲ್‌ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ 36 ಮಿ.ಮೀ. ಅಗಲವಿರುವ) ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಸ್ಟಿಲ್ ಕ್ಯಾಮೆರಾ ಮತ್ತು ಮೂರು ಲೆನ್ಸ್‌ಗಳು. ನಿರ್ಮಾಪಕರು ಸಿನಿಮಾ ಕ್ಯಾಮೆರಾವನ್ನು ಬಾಡಿಗೆಗೆ ತರಲು ಒಪ್ಪಿದ್ದಾರೆ. ಆದರೆ ಆ ಹಣ ಉಳಿದರೆ ಚಿತ್ರೀಕರಣದ ದಿನಗಳನ್ನು ಹೆಚ್ಚಿಸಿಕೊಳ್ಳಬಹುದು ಎಂಬುದು ನನ್ನ ಆಸೆ. ಚಿತ್ರ ಮೊದಲು ಚಿತ್ರಮಂದಿರಕ್ಕೆ, ಆಮೇಲೆ ಟಿವಿಗೆ ಹೋಗಬೇಕು. ಸೆಟ್ಟಿನಲ್ಲಿ ಇಂಥ ಕ್ಯಾಮೆರಾ ಹಿಡಿದು ದುಡಿದವರು ಮತ್ತು ಅದರ ದೃಶ್ಯಗಳನ್ನು ಸಂಕಲನ ಮಾಡಿದವರು ಏನು ಹೇಳುತ್ತೀರಿ?

ನೆರಳುಬೆಳಕು

ಸರ್, ‘ಆಗುತ್ತದೆಯೇ’ ಎಂಬ ಪ್ರಶ್ನೆಗೆ 2008ರಿಂದ ಈಚೆಗೆ ಉತ್ತರ ಸಿಕ್ಕಾಗಿದೆ. ಆ ವರ್ಷ ನಿಕಾನ್ ಡಿ90 ವಿಡಿಯೋ ದಾಖಲಿಸಬಲ್ಲ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಡಿಜಿಟಲ್ ಫೋಟೋ ಕ್ಯಾಮೆರಾ) ಆಗಿ ಬಂತು. ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಪ್ರಕಟವಾಗಿ, 1080 ಗೆರೆಗಳ ಪೂರ್ಣ ಎಚ್‌ಡಿ ಚಿತ್ರವನ್ನು 36 ಮಿ.ಮೀ. ಅಗಲದ ಸೆನ್ಸರ್‌ನಿಂದ ಕೊಟ್ಟಿತು. ಛಾಯಾಗ್ರಾಹಕರು ಅದಕ್ಕೆ ಯಾಕೆ ಮುಗಿಬಿದ್ದರು ಎಂಬುದು ಅಳತೆಯಲ್ಲೇ ಇದೆ. ಟಿವಿ ವಾಹಿನಿಗಳ ಹೆಗಲ ಕ್ಯಾಮೆರಾಗಳ ಸೆನ್ಸರ್ ಅಗಲ 10 ಮಿ.ಮೀ.ಗಿಂತ ಕಡಿಮೆ, ಸಿನಿಮಾದ ಸೂಪರ್ 35 ಚೌಕಟ್ಟು ಸುಮಾರು 25 ಮಿ.ಮೀ. ಹಿನ್ನೆಲೆಯನ್ನು ಮಸುಕಾಗಿಸಿ ಮುಖವನ್ನಷ್ಟೇ ಎತ್ತಿ ತೋರಿಸಬೇಕೆಂದರೆ ಅಲ್ಲಿಯವರೆಗೆ ವಿಡಿಯೋ ಕ್ಯಾಮೆರಾದ ಮುಂದೆ ಗಾಜಿನ ತೆರೆಯಿರುವ ಅಡಾಪ್ಟರ್ ಕೂರಿಸಿ, ಬೆಳಕನ್ನು ಕಳೆದುಕೊಂಡು ಒದ್ದಾಡಬೇಕಿತ್ತು. ಫೋಟೋ ತೆಗೆಯುವ ಕ್ಯಾಮೆರಾ ಆ ಕೆಲಸವನ್ನು ಸಿನಿಮಾ ಕ್ಯಾಮೆರಾಗಿಂತಲೂ ದೊಡ್ಡ ಚೌಕಟ್ಟಿನಲ್ಲಿ ಮಾಡಿಕೊಟ್ಟಿತು.

ಅಮೆರಿಕದ ‘ಹೌಸ್’ ಧಾರಾವಾಹಿಯ ಆರನೆಯ ಸರಣಿಯ ಕೊನೆಯ ಕಂತು 2010ರ ಮೇ ತಿಂಗಳಲ್ಲಿ ಪ್ರಸಾರವಾಯಿತು. ಅದನ್ನು ಈ 5ಡಿ ಮಾರ್ಕ್ 2ರಲ್ಲಿ ಚಿತ್ರೀಕರಿಸಿದ್ದರು. ಕುಸಿದ ಕಟ್ಟಡದ ಅವಶೇಷಗಳಡಿ ಸಿಲುಕಿದ ಹೆಂಗಸಿನ ಕಥೆಯದು, ಆ ಇಕ್ಕಟ್ಟಿನಲ್ಲಿ ದೊಡ್ಡ ಕ್ಯಾಮೆರಾಕ್ಕೆ ಜಾಗವೇ ಇರುತ್ತಿರಲಿಲ್ಲ. ನಮ್ಮ ದೇಶದಲ್ಲಿ 2011ರಲ್ಲಿ ಮೂರು ಭಾಷೆಗಳಲ್ಲಿ ಇದು ನಡೆಯಿತು: ತೆಲುಗಿನ ‘ದೊಂಗಲ ಮುಠಾ’ ಐದೇ ದಿನಗಳಲ್ಲಿ ಬೆರಳೆಣಿಕೆಯ ತಂತ್ರಜ್ಞರೊಂದಿಗೆ 5ಡಿಯಲ್ಲಿ ಮುಗಿಯಿತು, ಮಲಯಾಳದ ‘ಚಾಪ್ಪಾ ಕುರಿಶ್’ ಮತ್ತು ಹಿಂದಿಯ ‘ಸ್ಟ್ಯಾನ್ಲೀ ಕಾ ಡಬ್ಬಾ’ ಕ್ಯಾನನ್ 7ಡಿಯಲ್ಲಿ ತಯಾರಾದವು. ಇವುಗಳಲ್ಲಿ ಕೊನೆಯದನ್ನು ನೀವು ವಿಶೇಷವಾಗಿ ಗಮನಿಸಬೇಕು. ಶಾಲೆಯ ಮಕ್ಕಳಿಗೆ ಶನಿವಾರಗಳಂದು ನಟನಾ ಕಾರ್ಯಾಗಾರ ನಡೆಸುತ್ತಲೇ ಅದನ್ನು ಚಿತ್ರೀಕರಿಸಿದರು. ಸಿನಿಮಾ ತಯಾರಾಗುತ್ತಿದೆ ಎಂಬುದು ಮಕ್ಕಳ ಅರಿವಿಗೇ ಬಂದಿರಲಿಲ್ಲ. ದೊಡ್ಡ ಕ್ಯಾಮೆರಾ, ಅದರ ಸುತ್ತ ಐದಾರು ಜನ ಸಹಾಯಕರು ನಿಂತಿದ್ದರೆ ಮಕ್ಕಳ ಮುಖದಲ್ಲಿ ಆ ಸಹಜತೆ ಬರುತ್ತಿತ್ತೇ?

ಆದ್ದರಿಂದ ಕ್ಯಾಮೆರಾ ಚಿಕ್ಕದಾಗಿರುವುದರಿಂದ ಯಾವ ದೃಶ್ಯ ಉತ್ತಮವಾಗುತ್ತದೆ ಎಂದು ಚಿತ್ರಕಥೆಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಕೇಳಿಕೊಳ್ಳಿ. ನಿಮ್ಮ ಅಟ್ಟದ ದೃಶ್ಯಗಳಿಗೆ ಅದು ಖಂಡಿತ ಒದಗುತ್ತದೆ. ಅಗ್ಗ ಎಂಬ ಒಂದೇ ಕಾರಣಕ್ಕೆ ಹಿಡಿಯುವುದಾದರೆ ನಾನು ಬೇಡವೆನ್ನುತ್ತೇನೆ.

ಕತ್ತರಿಕೋಣೆ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆ ಮೊದಲ ವರ್ಷಗಳ ದೃಶ್ಯಗಳು ಸಂಕಲನದ ಮೇಜಿಗೆ ಬಂದಾಗ ಏನಾಗುತ್ತಿತ್ತು ಎಂಬುದೂ ದಾಖಲಾಗಲಿ. 2.1 ಕೋಟಿ ಪಿಕ್ಸೆಲ್‌ಗಳಿದ್ದ 5ಡಿ ಮಾರ್ಕ್ 2ರ ಸೆನ್ಸರ್‌ಗೆ ಪ್ರತಿ ಫ್ರೇಮಿನಲ್ಲೂ ಎಲ್ಲವನ್ನೂ ಓದುವ ವೇಗವಿರಲಿಲ್ಲವಾದ್ದರಿಂದ ಅದು ನಡುನಡುವೆ ಸಾಲುಗಳನ್ನು ಬಿಟ್ಟು ಓದುತ್ತಿತ್ತು. ಬಿಟ್ಟ ಸಾಲಿನಲ್ಲಿದ್ದ ಸೂಕ್ಷ್ಮ ವಿವರ ಕಾಣೆಯಾಗುವುದು ಒಂದು ನಷ್ಟ. ಇಲ್ಲದ ಬಣ್ಣದ ಅಲೆಗಳು ಅಲ್ಲಿ ಹುಟ್ಟಿಕೊಳ್ಳುವುದು ಇನ್ನೂ ದೊಡ್ಡ ನಷ್ಟ. ದೂರದಿಂದ ತೆಗೆದ ಹೆಂಚಿನ ಮಾಡು, ಸಣ್ಣ ಚೌಕುಳಿಯ ಸೀರೆ, ಗೆರೆ ಅಂಗಿ ಇವೆಲ್ಲ ಪರದೆಯ ಮೇಲೆ ನೀಲಿ, ಕಿತ್ತಳೆ ಬಣ್ಣಗಳಲ್ಲಿ ತೆವಳುತ್ತಿದ್ದವು. ಮಾಯ್ರೇ ಎಂದು ಕರೆಯುವ ಈ ದೋಷ ಒಮ್ಮೆ ದಾಖಲಾದರೆ ಅದನ್ನು ಪೂರ್ತಿ ತೊಳೆಯುವ ದಾರಿಯಿಲ್ಲ. 2012ರ ಮಾರ್ಕ್ 3ರಲ್ಲಿ ಅದು ಬಹುಮಟ್ಟಿಗೆ ತಗ್ಗಿತು. ಇಂದಿನ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾಗಳು ಸೆನ್ಸರ್‌ನ ಎಲ್ಲ ಸಾಲುಗಳನ್ನೂ ಓದಿ ಕುಗ್ಗಿಸಿ ಕೊಡುತ್ತವೆ, ಆದರೆ ಎಲ್ಲ ಮಾದರಿಗಳೂ ಅಲ್ಲ, ಎಲ್ಲ ಫ್ರೇಮ್‌ರೇಟ್‌ಗಳಲ್ಲೂ ಅಲ್ಲ. ನಿಮ್ಮ ಹೆಂಚಿನ ಮನೆಯನ್ನು ಎದುರಿನ ಗುಡ್ಡದಿಂದ ತೆಗೆದು ದೊಡ್ಡ ಪರದೆಯಲ್ಲಿ ನೋಡದೆ ಮುಂದುವರಿಯಬೇಡಿ.

ಎರಡನೆಯದು ಬಣ್ಣದ ಮಾಹಿತಿ. 8 ಬಿಟ್ ಎಂದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಎಂದರೆ 1024 ಮೆಟ್ಟಿಲು. ಮಧ್ಯಾಹ್ನದ ಬೆಳಕಿನಲ್ಲಿ ತೆಗೆದ ಮುಖಕ್ಕೆ 256 ಸಾಕೆನಿಸುತ್ತದೆ. ಅದೇ, ಒಲೆಯ ಬೆಂಕಿಯಿಂದ ಕತ್ತಲೆಯ ಗೋಡೆಯ ಕಡೆಗೆ ನಿಧಾನವಾಗಿ ಇಳಿಯುವ ಬೆಳಕನ್ನು ಲಾಗ್ ಪ್ರೊಫೈಲಿನಲ್ಲಿ (ಬಣ್ಣ ತಿದ್ದಲೆಂದೇ ಪೇಲವವಾಗಿ ದಾಖಲಿಸುವ ವಿಧಾನ) ತೆಗೆದು, ಆಮೇಲೆ ಬಣ್ಣ ತಿದ್ದುವಾಗ ಎಳೆದರೆ, ಗೋಡೆಯ ಮೇಲೆ ಪಟ್ಟಿಪಟ್ಟಿಯಾಗಿ ಅಂಚುಗಳು ಕಾಣಿಸಿಕೊಳ್ಳುತ್ತವೆ. ನಿಮ್ಮ ಅಡುಗೆಮನೆಯ ದೃಶ್ಯಗಳೆಲ್ಲ ಇಂಥವೇ ಇರಬಹುದು. ಕ್ಯಾಮೆರಾದಲ್ಲಿ 10 ಬಿಟ್, 4:2:2 (ಬಣ್ಣದ ವಿವರವನ್ನು 4:2:0ಗಿಂತ ಹೆಚ್ಚು ಉಳಿಸಿಕೊಳ್ಳುವ) ದಾಖಲೆ ಇಲ್ಲದಿದ್ದರೆ ಲಾಗ್‌ನ ಸಹವಾಸ ಬೇಡ. ಮಂದ ಕಾಂಟ್ರಾಸ್ಟಿನ ಸಾಮಾನ್ಯ ಪ್ರೊಫೈಲಿನಲ್ಲಿ, ಬೇಕಾದ ಬಣ್ಣಕ್ಕೆ ಆದಷ್ಟು ಹತ್ತಿರವಾಗಿ, ಸೆಟ್ಟಿನಲ್ಲೇ ಬೆಳಕು ಹೊಂದಿಸಿಕೊಂಡು ತೆಗೆಯಿರಿ.

ಬಸ್ಸಿನ ದೃಶ್ಯದಲ್ಲಿ ರೋಲಿಂಗ್ ಷಟರ್ ಕಾಡುತ್ತದೆ. ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದಾದ ಮೇಲೊಂದರಂತೆ ಓದುವುದರಿಂದ, ಕಿಟಕಿಯಾಚೆ ಹಾದುಹೋಗುವ ವಿದ್ಯುತ್ ಕಂಬ ಕೆಳಗಿನ ಸಾಲು ಓದುವ ಹೊತ್ತಿಗೆ ಮುಂದೆ ಸರಿದಿರುತ್ತದೆ. ಕಂಬಗಳೆಲ್ಲ ಓರೆಯಾಗಿ ನಿಂತಂತೆ ಕಾಣುತ್ತವೆ. ರಸ್ತೆಯ ಗುಂಡಿಗಳಲ್ಲಿ ಬಸ್ಸು ಅದುರಿದಾಗ ಇಡೀ ಚಿತ್ರ ಲೋಳೆಯಂತೆ ಅಲುಗುತ್ತದೆ. ಎಲ್ಲ ಪಿಕ್ಸೆಲ್‌ಗಳನ್ನೂ ಒಂದೇ ಕ್ಷಣಕ್ಕೆ ಓದುವ ಗ್ಲೋಬಲ್ ಷಟರ್ ಫುಲ್‌ಫ್ರೇಮ್ ಸ್ಟಿಲ್ ಕ್ಯಾಮೆರಾಕ್ಕೆ ಬಂದದ್ದು 2023ರಲ್ಲಿ ಪ್ರಕಟವಾದ ಸೋನಿ ಎ9 ಮಾರ್ಕ್ 3ರಿಂದ. ಅದಿಲ್ಲದವರು ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯುವ ಬದಲು ಬಸ್ಸಿನ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ, ಅಗಲ ಲೆನ್ಸ್ ಬಳಸಿ, ಹತ್ತಿರದ ಕಂಬ ಮರಗಳು ಅಡ್ಡ ಬರದಂತೆ ಕಿಟಕಿಯ ಕೋನವನ್ನು ಆರಿಸಿಕೊಳ್ಳಬೇಕು.

ಮೂರನೆಯ ಕ್ಯಾಮೆರಾ

ನಾನು ಧಾರಾವಾಹಿಗಳಲ್ಲಿ ಕೆಲಸ ಮಾಡುವವನು. ಟಿವಿಯ ಕಡೆಯಿಂದ ಒಂದೆರಡು ಮಾತು.

5ಡಿ ಮಾರ್ಕ್ 2 ಮೊದಲು ಬಂದಾಗ ಸೆಕೆಂಡಿಗೆ 30 ಫ್ರೇಮ್ ಬಿಟ್ಟರೆ ಬೇರೆ ಆಯ್ಕೆ ಇರಲಿಲ್ಲ, 24 ಮತ್ತು 25 ಫ್ರೇಮ್‌ಗಳ ಸೌಲಭ್ಯ 2010ರ ಮಾರ್ಚಿನ ಫರ್ಮ್‌ವೇರ್‌ನೊಂದಿಗೆ (ಕ್ಯಾಮೆರಾದೊಳಗಿನ ತಂತ್ರಾಂಶ) ಬಂತು. ನಮ್ಮ ದೇಶದ ಪ್ರಸಾರ 25 ಫ್ರೇಮಿನದು. 30ರಲ್ಲಿ ತೆಗೆದದ್ದನ್ನು 25ಕ್ಕೆ ಇಳಿಸುವಾಗ ಸೆಕೆಂಡಿಗೆ ಐದು ಫ್ರೇಮ್ ಎಲ್ಲಿಂದಲೋ ಹೋಗಬೇಕು. ನಡೆಯುವ ಮನುಷ್ಯ ಹೆಜ್ಜೆಹೆಜ್ಜೆಗೂ ಎಡವಿದಂತೆ ಕಾಣುತ್ತಿದ್ದ. ಈಗ ಆ ತೊಂದರೆ ಇಲ್ಲವಾದರೂ, ಕ್ಯಾಮೆರಾದ ಮೆನುವಿನಲ್ಲಿ ಎನ್‌ಟಿಎಸ್‌ಸಿ (30 ಫ್ರೇಮಿನ ಪದ್ಧತಿ) ಬದಲು ಪಿಎಎಲ್ (25 ಫ್ರೇಮಿನದು) ಆರಿಸಬೇಕಾದ ಮಾದರಿಗಳಿವೆ, ಅದನ್ನು ಮರೆತು ಇಡೀ ದಿನದ ಕೆಲಸ 30 ಫ್ರೇಮಿನಲ್ಲಿ ದಾಖಲಾದ ಯೂನಿಟ್‌ಗಳನ್ನು ಕಂಡಿದ್ದೇನೆ.

ಇದಕ್ಕೆ ಅಂಟಿಕೊಂಡೇ ಬರುವುದು ಷಟರ್ ವೇಗ, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಷಟರ್ 1/50 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗಿನ ಬೆಳಕು ಸಿಗುತ್ತದೆ, ಚಿತ್ರ ಸ್ಥಿರವಾಗಿರುತ್ತದೆ. 1/60 ಇಟ್ಟರೆ ಆ ಲೆಕ್ಕ ತಪ್ಪಿ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿಯತೊಡಗುತ್ತವೆ. ಅಗ್ಗದ ಎಲ್‌ಇಡಿ ಬಲ್ಬುಗಳು ಇನ್ನೂ ತರಲೆ ಮಾಡುತ್ತವೆ, ಅವುಗಳನ್ನು ಕ್ಯಾಮೆರಾ ಮುಂದೆ ಹೊತ್ತಿಸಿ ನೋಡಿಯೇ ಒಪ್ಪಿಕೊಳ್ಳಬೇಕು. ಮನೆಯೊಳಗಿನ ಎಲ್ಲ ದೃಶ್ಯಗಳಿಗೂ 1/50 ಎಂದು ಕ್ಯಾಮೆರಾದ ಮೇಲೆ ಚೀಟಿ ಅಂಟಿಸಿಬಿಡಿ. ಹೊರಾಂಗಣದಲ್ಲಿ ಬೆಳಕು ಹೆಚ್ಚಾದಾಗ ಷಟರ್ ಏರಿಸುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಚಲನೆ ಕಡಿದು ಕಡಿದು ಕಾಣುತ್ತದೆ, ಅದರ ಬದಲು ಎನ್‌ಡಿ ಫಿಲ್ಟರ್ (ಬೆಳಕನ್ನು ತಗ್ಗಿಸುವ ಗಾಜು) ಹಾಕಿ. ಸಿನಿಮಾ ಕ್ಯಾಮೆರಾಗಳಲ್ಲಿ ಎನ್‌ಡಿ ಸಾಮಾನ್ಯವಾಗಿ ಒಳಗೇ ಇರುತ್ತದೆ. ಸ್ಟಿಲ್ ಕ್ಯಾಮೆರಾದಲ್ಲಿ ಇರುವುದಿಲ್ಲವಾದ್ದರಿಂದ ಪ್ರತಿ ಲೆನ್ಸಿನ ವ್ಯಾಸಕ್ಕೂ ಹೊಂದುವ ಫಿಲ್ಟರ್‌ಗಳ ಖರ್ಚನ್ನು ಈಗಲೇ ಬರೆದಿಟ್ಟುಕೊಳ್ಳಿ.

ವಾಹಿನಿಗಳ ನಿಯಮಗಳ ವಿಷಯ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಎಚ್‌ಡಿ ದಾಖಲೆಗೆ 4:2:2 ಬಣ್ಣ ಮತ್ತು ಸೆಕೆಂಡಿಗೆ ಕನಿಷ್ಠ 50 ಮೆಗಾಬಿಟ್ ಕೇಳುತ್ತಿತ್ತು. 4:2:0ರಲ್ಲಿ ಸುಮಾರು 40 ಮೆಗಾಬಿಟ್ ಕೊಡುತ್ತಿದ್ದ ಆಗಿನ ಡಿಎಸ್‌ಎಲ್‌ಆರ್‌ಗಳು ಆ ಗೆರೆಯನ್ನು ಮುಟ್ಟಲಿಲ್ಲ. ಈಗ ಪರಿಸ್ಥಿತಿ ಬದಲಾಗಿದೆ. ಪ್ಯಾನಸಾನಿಕ್ ಎಸ್1ಎಚ್ 2019ರಲ್ಲಿ ನೆಟ್‌ಫ್ಲಿಕ್ಸ್ ಒಪ್ಪಿದ ಕ್ಯಾಮೆರಾಗಳ ಪಟ್ಟಿಗೆ ಸೇರಿದ ಮೊದಲ ಮಿರರ್‌ಲೆಸ್ ಆಯಿತು. ಚಿತ್ರವನ್ನು ಯಾರಿಗೆ ಮಾರಬೇಕೆಂದಿದ್ದೀರೋ ಅವರ ತಾಂತ್ರಿಕ ನಿಯಮಗಳನ್ನು ಚಿತ್ರೀಕರಣಕ್ಕೆ ಮೊದಲೇ ತರಿಸಿಕೊಂಡು ಓದಿ. ಮುಗಿದ ಮೇಲೆ ಓದಿದರೆ ಏನೂ ಮಾಡಲಾಗುವುದಿಲ್ಲ.

ನಾದಬಿಂದು

ಇಷ್ಟು ಮಾತಾದರೂ ಧ್ವನಿಯ ವಿಷಯ ಬರಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ಸ್ಟಿಲ್ ಕ್ಯಾಮೆರಾದ ಧ್ವನಿ ವಿಭಾಗ ಮೊದಲಿನಿಂದಲೂ ಮಲಮಗು. 5ಡಿ ಮಾರ್ಕ್ 2ರಲ್ಲಿ ಆರಂಭದಲ್ಲಿ ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸಲು ಬರುತ್ತಿರಲಿಲ್ಲ. ನಟ ಮಾತು ನಿಲ್ಲಿಸಿದ ಕೂಡಲೇ ಕ್ಯಾಮೆರಾ ತಾನೇ ಮಟ್ಟ ಏರಿಸುತ್ತಿತ್ತು, ಮೌನದಲ್ಲಿ ಹಿಸ್ ಎಂಬ ಸದ್ದು ಮೇಲೆದ್ದು, ಮುಂದಿನ ಮಾತಿಗೆ ತಟ್ಟನೆ ಕುಸಿಯುತ್ತಿತ್ತು. ಇಯರ್‌ಫೋನ್ ಹಾಕಿಕೊಂಡು ಕೇಳಲು ಕಿಂಡಿಯೂ ಇರಲಿಲ್ಲ. ಆದ್ದರಿಂದಲೇ ಪ್ರತ್ಯೇಕ ರೆಕಾರ್ಡರ್ ಇಟ್ಟು, ಕ್ಲ್ಯಾಪ್ ಹೊಡೆದು, ಆಮೇಲೆ ಎರಡನ್ನೂ ಜೋಡಿಸುವ ಪದ್ಧತಿ ಗಟ್ಟಿಯಾಯಿತು. ಇಂದಿನ ಕ್ಯಾಮೆರಾಗಳು ಸುಧಾರಿಸಿವೆ, ಆದರೂ ಆ ಪದ್ಧತಿಯನ್ನು ಬಿಡಬೇಡಿ.

ಮುಂಬೈಯಲ್ಲಿ ತಯಾರಾದ ‘ಸ್ಲಮ್‌ಡಾಗ್ ಮಿಲಿಯನೇರ್’ ಈ ಚರ್ಚೆಗೆ ಎರಡು ರೀತಿಯಿಂದ ಸಲ್ಲುತ್ತದೆ. ಛಾಯಾಗ್ರಾಹಕ ಆಂಥನಿ ಡಾಡ್ ಮ್ಯಾಂಟಲ್ ಅದರ ಬಹುಭಾಗವನ್ನು ಚಿಕ್ಕ ಡಿಜಿಟಲ್ ಸಿನಿಮಾ ಕ್ಯಾಮೆರಾದಲ್ಲಿ ತೆಗೆದರೂ, ಕೆಲವು ಭಾಗಗಳಿಗೆ ಕ್ಯಾನನ್‌ನ ಸ್ಟಿಲ್ ಕ್ಯಾಮೆರಾವನ್ನು ಫೋಟೋಗಳ ಸರಣಿಯಾಗಿ ಓಡಿಸಿ ಬಳಸಿದರು. ಆ ಚಿತ್ರದ ಛಾಯಾಗ್ರಹಣಕ್ಕೆ 2009ರಲ್ಲಿ ಆಸ್ಕರ್ ಬಂತು. ಅದೇ ಚಿತ್ರದ ಧ್ವನಿ ಮಿಶ್ರಣಕ್ಕೆ ರಸೂಲ್ ಪೂಕುಟ್ಟಿಯವರಿಗೂ ಸಹೋದ್ಯೋಗಿಗಳಿಗೂ ಆಸ್ಕರ್ ಬಂದದ್ದನ್ನು ಕ್ಯಾಮೆರಾದವರು ಜ್ಞಾಪಿಸಿಕೊಳ್ಳಬೇಕು. ಕ್ಯಾಮೆರಾ ಚಿಕ್ಕದಾಯಿತೆಂದು ಅಲ್ಲಿ ಧ್ವನಿಯ ಕೆಲಸವನ್ನು ಚಿಕ್ಕದು ಮಾಡಲಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಮಲೆನಾಡು, ಮಳೆಗಾಲ, ಹೆಂಚಿನ ಮಾಡು. ಮಾಡಿನ ಮೇಲೆ ಮಳೆ ಬೀಳುವಾಗ ಅಟ್ಟದಲ್ಲಿ ಪಿಸುಮಾತಿನ ದೃಶ್ಯವನ್ನು ನೇರ ಧ್ವನಿಯಲ್ಲಿ ದಾಖಲಿಸುವುದು ಆಗದ ಮಾತು. ಇಬ್ಬರು ಕಲಾವಿದರಿಗೂ ಬಟ್ಟೆಯೊಳಗೆ ಲ್ಯಾಪೆಲ್ ಮೈಕ್ ಕಟ್ಟಿ ಡಬ್ಬಿಂಗ್‌ಗೆ ಆಧಾರವಾಗುವಷ್ಟು ಶುದ್ಧ ಮಾತು ಹಿಡಿದುಕೊಳ್ಳಿ. ಮಳೆ ನಿಂತ ಹೊತ್ತಿನಲ್ಲಿ ಆ ಕೋಣೆಯ ಬರಿ ಮೌನವನ್ನು, ಸೂರಿನಿಂದ ನೀರು ತೊಟ್ಟಿಕ್ಕುವುದನ್ನು, ಜೀರುಂಡೆಯನ್ನು ಬೇರೆಬೇರೆಯಾಗಿ ದಾಖಲಿಸಿಕೊಳ್ಳಿ. ಬಾಡಿಗೆಯಲ್ಲಿ ಉಳಿಯುವ ಹಣದ ಮೊದಲ ಪಾಲು ಒಬ್ಬ ಅನುಭವಿ ಧ್ವನಿಗ್ರಾಹಕರಿಗೆ ಹೋಗಲಿ. ಹೆಚ್ಚುವರಿ ದಿನಗಳ ಮಾತು ಅದಾದ ಮೇಲೆ.

ನೆರಳುಬೆಳಕು

ನಾದಬಿಂದು ಅವರ ಮಾತು ಒಪ್ಪಿದೆ. ಎರಡನೆಯ ಪಾಲು ಫೋಕಸ್ ಪುಲ್ಲರ್‌ಗೆ, ಅಂದರೆ ಚಿತ್ರೀಕರಣ ನಡೆಯುತ್ತಿರುವಾಗ ಫೋಕಸ್ ಹೊಂದಿಸುವ ಸಹಾಯಕರಿಗೆ. ಫುಲ್‌ಫ್ರೇಮಿನಲ್ಲಿ 85 ಮಿ.ಮೀ. ಲೆನ್ಸನ್ನು ಎಫ್ 1.4ಕ್ಕೆ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು) ತೆರೆದು 2 ಮೀಟರ್ ದೂರದ ಮುಖವನ್ನು ಹಿಡಿದರೆ ಫೋಕಸ್ ನಿಲ್ಲುವ ಆಳ ಸುಮಾರು 4.5 ಸೆಂ.ಮೀ. ಮಾತ್ರ. ಕಣ್ಣು ಸ್ಪಷ್ಟವಿದ್ದರೆ ಕಿವಿ ಮಸುಕು. ನಟಿ ಉಸಿರೆಳೆದುಕೊಂಡು ತುಸು ಮುಂದೆ ಬಾಗಿದರೆ ಕಣ್ಣೂ ಮಸುಕು. ಎಫ್ 4ಕ್ಕೆ ಮುಚ್ಚಿದರೆ ಅದೇ ಆಳ 13 ಸೆಂ.ಮೀ. ಆಗುತ್ತದೆ, ಕಲಾವಿದರಿಗೆ ಉಸಿರಾಡಲು ಜಾಗ ಸಿಗುತ್ತದೆ. ಫೋಟೋ ಲೆನ್ಸಿನ ಫೋಕಸ್ ಉಂಗುರವನ್ನು ಕಾಲು ಸುತ್ತಿನಷ್ಟು ತಿರುಗಿಸಿದರೆ ಹತ್ತಿರದಿಂದ ಅನಂತದವರೆಗೆ ಹೋಗಿಬಿಡುವುದುಂಟು. ಸಿನಿಮಾ ಲೆನ್ಸಿನಲ್ಲಿ ಅದೇ ದೂರಕ್ಕೆ ಮುಕ್ಕಾಲು ಸುತ್ತು ಇರುತ್ತದೆ, ಗುರುತು ಹಾಕಿಕೊಂಡು ನಿಖರವಾಗಿ ಎಳೆಯಬಹುದು. ಕ್ಯಾಮೆರಾ ನಿಮ್ಮದೇ ಇರಲಿ, ಲೆನ್ಸ್‌ಗಳನ್ನು ಬಾಡಿಗೆಗೆ ತನ್ನಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಕ್ಯಾಮೆರಾ

ಮೇಡಂ, ಎಫ್ 4 ಇಡಬೇಕಾದರೆ ಆ ಕತ್ತಲೆಯ ಅಡುಗೆಮನೆಗೆ ದೊಡ್ಡ ದೀಪಗಳು ಬೇಕು, ದೀಪಗಳಿಗೆ ಜನರೇಟರ್ ಬೇಕು, ಜನರೇಟರ್‌ಗೆ ಜನ ಬೇಕು. ಚಿಕ್ಕ ಕ್ಯಾಮೆರಾದ ಅನುಕೂಲವೇ ಅಲ್ಲಿಗೆ ಮುಗಿಯುವುದಿಲ್ಲವೇ? ಈಗಿನ ಕ್ಯಾಮೆರಾಗಳ ಆಟೋಫೋಕಸ್ ಕಣ್ಣನ್ನೇ ಹಿಡಿದು ಹಿಂಬಾಲಿಸುತ್ತದೆ. ಅದನ್ನು ಬಳಸಬಾರದೆಂಬ ನಿಯಮವಿಲ್ಲ.

ನೆರಳುಬೆಳಕು

ದೀಪ ಹೆಚ್ಚಿಸಬೇಕಾಗಿಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಬಹುದು. 2023ರ ಹಾಲಿವುಡ್ ಚಿತ್ರ ‘ದಿ ಕ್ರಿಯೇಟರ್’ ಸುಮಾರು 8 ಕೋಟಿ ಡಾಲರ್ ವೆಚ್ಚದ್ದು. ಅದನ್ನು ಸೋನಿ ಎಫ್‌ಎಕ್ಸ್3ರಲ್ಲಿ ತೆಗೆದರು. ಅದು ಎ7ಎಸ್ ಮಾರ್ಕ್ 3 ಎಂಬ ಸ್ಟಿಲ್ ಕ್ಯಾಮೆರಾದ ಒಡಹುಟ್ಟು, ದೇಹ ಅಂಗೈಗೆ ತುಸು ದೊಡ್ಡದು. ಅದರ ಸೆನ್ಸರ್‌ಗೆ 800 ಮತ್ತು 12,800 ಎಂಬ ಎರಡು ಮೂಲ ಐಎಸ್‌ಒಗಳಿವೆ. ಎರಡನೆಯದರಲ್ಲೂ ಕಾಳುಕಾಳು ಕಡಿಮೆಯಿರುವ ಚಿತ್ರ ಸಿಗುವುದರಿಂದ ಬಹಳ ಕಡಿಮೆ ಬೆಳಕಿನಲ್ಲೂ ಲೆನ್ಸನ್ನು ಮುಚ್ಚಿಟ್ಟುಕೊಳ್ಳಬಹುದು. ಆದರೆ ಆ ತಂಡ ಕ್ಯಾಮೆರಾದೊಳಗಿನ ದಾಖಲೆಯನ್ನು ನೆಚ್ಚದೆ ಹೊರಗಿನ ರೆಕಾರ್ಡರ್‌ಗೆ ರಾ (ಸೆನ್ಸರ್‌ನ ಸಂಸ್ಕರಿಸದ ಮಾಹಿತಿ) ಕಳಿಸಿತು, ಅನಾಮಾರ್ಫಿಕ್ (ಅಗಲದ ದೃಶ್ಯವನ್ನು ಹಿಂಡಿ ದಾಖಲಿಸುವ) ಲೆನ್ಸ್ ಹಾಕಿತು, ಅದರ ಹಿಂದೆ ನುರಿತ ಛಾಯಾಗ್ರಾಹಕರಿಬ್ಬರಿದ್ದರು. ಕ್ಯಾಮೆರಾದ ಬೆಲೆಯೊಂದನ್ನೇ ಎತ್ತಿ ಹೇಳುವವರು ಇದನ್ನು ಬಿಡುತ್ತಾರೆ.

ಆಟೋಫೋಕಸ್ ಬಗ್ಗೆ ನನ್ನ ಆಕ್ಷೇಪ ತಾಂತ್ರಿಕವಾದದ್ದಲ್ಲ. ಇಬ್ಬರು ಮಾತನಾಡುವಾಗ, ಕೇಳುತ್ತಿರುವವಳ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವ ಮಾತಿಗೆ ಇತ್ತ ತಿರುಗಬೇಕು ಎಂಬುದು ಕಥೆ ಬಲ್ಲವರು ನಿರ್ಧರಿಸಬೇಕಾದ ವಿಷಯ. ಒಬ್ಬರೇ ಇರುವ ದೃಶ್ಯದಲ್ಲಿ, ಗಿಂಬಲ್ (ಅಲುಗಾಟ ತಡೆಯುವ ಹಿಡಿಕೆ) ಮೇಲೆ ಓಡುವಾಗ ಧಾರಾಳವಾಗಿ ಬಳಸಿ.

ಗೊಂಬೆಚೌಕಟ್ಟು

ನನ್ನದು ಸ್ಟಾಪ್ ಮೋಷನ್, ಗೊಂಬೆಯನ್ನು ತುಸುತುಸು ಸರಿಸಿ ಒಂದೊಂದೇ ಫೋಟೋ ತೆಗೆದು ಚಲನೆ ಮೂಡಿಸುವ ಕೆಲಸ. ಈ ಕ್ಷೇತ್ರದಲ್ಲಿ ಸ್ಟಿಲ್ ಕ್ಯಾಮೆರಾ ಬದಲಿ ಸಾಧನವಾಗಿ ಬಂದದ್ದಲ್ಲ, ಅದೇ ಸರಿಯಾದ ಸಾಧನ. 2005ರ ‘ಕಾರ್ಪ್ಸ್ ಬ್ರೈಡ್’ ಚಿತ್ರವನ್ನು ಕ್ಯಾನನ್ ಇಒಎಸ್-1ಡಿ ಮಾರ್ಕ್ 2ರಲ್ಲಿ ಒಂದೊಂದೇ ಫೋಟೋ ತೆಗೆಯುತ್ತ ಮಾಡಿದರು, ಮುಂದೆ 2009ರ ‘ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್’ಗೆ ನಿಕಾನ್ ಡಿ3 ಬಳಕೆಯಾಯಿತು. ಗೊಂಬೆ ಅಲುಗುವುದಿಲ್ಲವಾದ್ದರಿಂದ ರೋಲಿಂಗ್ ಷಟರ್, ಬಿಟ್‌ರೇಟ್ ಇವೆಲ್ಲ ಮೂಲೆಗೆ ಸರಿಯುತ್ತವೆ, ಪ್ರತಿ ಫ್ರೇಮೂ ಪೂರ್ಣ ರಾ ಚಿತ್ರ. ತೊಂದರೆ ಇರುವುದು ಲೆನ್ಸಿನ ಅಪರ್ಚರ್‌ನಲ್ಲಿ, ಅಂದರೆ ಬೆಳಕು ಬಿಡುವ ಕಿಂಡಿಯಲ್ಲಿ. ವಿದ್ಯುನ್ಮಾನ ಅಪರ್ಚರ್ ಪ್ರತಿ ಫೋಟೋಗೂ ತೆರೆದು ಮುಚ್ಚುತ್ತದೆ, ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತದೆ. ಫೋಟೋದಲ್ಲಿ ಕಾಣದ ಆ ವ್ಯತ್ಯಾಸ 24 ಫ್ರೇಮ್ ಒಟ್ಟಿಗೆ ಓಡಿದಾಗ ಬೆಳಕಿನ ಮಿನುಗಾಗುತ್ತದೆ. ಅದಕ್ಕಾಗಿಯೇ ನಾವು ಕ್ಯಾನನ್ ದೇಹಕ್ಕೆ ಅಡಾಪ್ಟರ್ ಮೂಲಕ ನಿಕಾನ್‌ನ ಹಳೆಯ ಕೈ ಉಂಗುರದ ಲೆನ್ಸ್ ಹಾಕುತ್ತೇವೆ. ನಿಮ್ಮ ಚಿತ್ರದಲ್ಲಿ ಮೋಡ ಕವಿಯುವುದನ್ನು ಟೈಮ್‌ಲ್ಯಾಪ್ಸ್‌ನಲ್ಲಿ ತೋರಿಸುವುದಿದ್ದರೆ ಇದೇ ಉಪಾಯ ಅನ್ವಯಿಸುತ್ತದೆ.

ಪ್ರಥಮಪ್ರಯತ್ನ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿರ್ಮಾಪಕರೊಂದಿಗೆ ಇದನ್ನೆಲ್ಲ ಕೂತು ಓದಿದೆವು. ಮನೆಯೊಳಗಿನ ಎಲ್ಲ ದೃಶ್ಯಗಳನ್ನು ನಮ್ಮ ಕ್ಯಾಮೆರಾದಲ್ಲೇ 10 ಬಿಟ್ ದಾಖಲೆಯಲ್ಲಿ ತೆಗೆಯುವುದು, ಸಿನಿಮಾ ಲೆನ್ಸ್‌ಗಳನ್ನು ಬಾಡಿಗೆಗೆ ತರುವುದು, ಧ್ವನಿಗ್ರಾಹಕರನ್ನೂ ಫೋಕಸ್ ಪುಲ್ಲರ್ ಅವರನ್ನೂ ಮೊದಲ ದಿನದಿಂದಲೇ ಸೇರಿಸಿಕೊಳ್ಳುವುದು, ಬಸ್ಸಿನ ದೃಶ್ಯದ ದಿನಗಳಿಗಷ್ಟೇ ವೇಗವಾಗಿ ಓದುವ ಸೆನ್ಸರ್ ಇರುವ ಸಿನಿಮಾ ಕ್ಯಾಮೆರಾ ತರುವುದು ಎಂದು ತೀರ್ಮಾನವಾಗಿದೆ. ಇನ್ನೊಂದು ಪ್ರಶ್ನೆ ಉಳಿದಿದೆ: ಚಿತ್ರಮಂದಿರಕ್ಕೆ 24 ಫ್ರೇಮ್, ಟಿವಿಗೆ 25 ಫ್ರೇಮ್. ನಾವು ಯಾವುದರಲ್ಲಿ ತೆಗೆಯಬೇಕು?

ಕತ್ತರಿಕೋಣೆ

24ರಲ್ಲೇ ತೆಗೆಯಿರಿ, ಷಟರ್ ಮಾತ್ರ 1/50 ಇರಲಿ. ಟ್ಯೂಬ್‌ಲೈಟಿನ ಲೆಕ್ಕ ಆಗಲೂ ಸರಿಹೊಂದುತ್ತದೆ. ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿಗೆ (ಡಿಸಿಪಿ) 24 ಎಲ್ಲ ಕಡೆಯೂ ನಡೆಯುವ ವೇಗ. ಟಿವಿಗೆ ಕೊಡುವಾಗ ಅದೇ ಫ್ರೇಮ್‌ಗಳನ್ನು 25ರ ವೇಗದಲ್ಲಿ ಓಡಿಸುತ್ತೇವೆ, ಒಂದು ಫ್ರೇಮೂ ಕಳೆದುಹೋಗುವುದಿಲ್ಲ. ನಿಮ್ಮ 100 ನಿಮಿಷದ ಚಿತ್ರ ಅಲ್ಲಿ 96 ನಿಮಿಷವಾಗುತ್ತದೆ. ಬಸ್ಸಿಗೆಂದು ತರುವ ಕ್ಯಾಮೆರಾದಲ್ಲೂ ಇದೇ 24 ಮತ್ತು 1/50 ಇರಲಿ; ಎರಡೂ ಕ್ಯಾಮೆರಾಗಳಲ್ಲಿ ಒಂದೇ ಬಣ್ಣದ ಪಟ್ಟಿಯನ್ನು ಒಂದೇ ದೀಪದಡಿ ತೆಗೆದು ನನಗೆ ಕಳಿಸಿದರೆ ಎರಡರ ಬಣ್ಣ ಹೊಂದಿಸುವ ಕೆಲಸ ಹಗುರವಾಗುತ್ತದೆ.

ನಾದಬಿಂದು

ವೇಗ ಏರಿದಾಗ ಮಾತಿನ ಶ್ರುತಿಯೂ ಶೇಕಡಾ 4ರಷ್ಟು ಏರುತ್ತದೆ, ಚಿತ್ರದಲ್ಲಿ ಹಾಡಿದ್ದರೆ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ಟಿವಿ ಪ್ರತಿಗೆ ಶ್ರುತಿಯನ್ನು ಇಳಿಸಿ ಬೇರೆಯೇ ಮಿಶ್ರಣ ಮಾಡಿಸಬೇಕು, ಅದಕ್ಕೆ ಸ್ಟುಡಿಯೋದಲ್ಲಿ ಹೆಚ್ಚಿನ ಸಮಯ ಬೇಕಾಗುತ್ತದೆ ಎಂದು ನಿರ್ಮಾಪಕರ ಲೆಕ್ಕದಲ್ಲಿ ಈಗಲೇ ಸೇರಿಸಿಬಿಡಿ.